ಗೃಹಪ್ರವೇಶಕ್ಕೆ ಮೊದಲು ಬರಬೇಕಾದ ಕಾಗದ



ಹೊಸ ಮನೆಯ ಗೃಹಪ್ರವೇಶದ ಕರೆಯೋಲೆ ಕೈಗೆ ಬಂದಾಗಲೆಲ್ಲ ನಮ್ಮ ಮನಸ್ಸು ಹಿಗ್ಗುತ್ತದೆ. ಆ ಒಂದು ಸೂರಿನ ಹಿಂದೆ ಎಷ್ಟು ವರ್ಷಗಳ ದುಡಿಮೆ ಇರುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು. ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಹಣ, ಊರಿನಲ್ಲಿದ್ದ ಒಂದೆರಡು ಎಕರೆ ಹೊಲ ಮಾರಿದ ಹಣ, ಇಪ್ಪತ್ತು ವರ್ಷ ತೀರಿಸಬೇಕಾದ ಬ್ಯಾಂಕಿನ ಸಾಲ, ಸಾಲದ್ದಕ್ಕೆ ಮನೆಯ ಹೆಣ್ಣುಮಕ್ಕಳ ಮೈಮೇಲಿನ ಒಡವೆ, ಇವೆಲ್ಲ ಕೂಡಿ ನಾಲ್ಕು ಗೋಡೆಗಳಾಗಿರುತ್ತವೆ. ಆ ದಿನದ ಸಡಗರವೂ ಅದಕ್ಕೆ ತಕ್ಕುದೇ. ಬಾಗಿಲಿಗೆ ತೋರಣ, ಬೀದಿಗೆ ಶಾಮಿಯಾನ, ಜಂಗಮರ ಪಾದಪೂಜೆ, ಬೀಗರಿಗೆ ಉಡುಗೊರೆ, ಬಂದವರಿಗೆಲ್ಲ ಹೋಳಿಗೆಯ ಊಟ. ಯಾವುದನ್ನೂ ಮರೆಯಬಾರದೆಂದು ಮನೆಯ ಯಜಮಾನರು ಚೀಟಿ ಬರೆದು ಕಿಸೆಯಲ್ಲಿಟ್ಟುಕೊಂಡಿರುತ್ತಾರೆ.

ಆ ಚೀಟಿಯಲ್ಲಿ ಬಹುಮಟ್ಟಿಗೆ ಕಾಣದಿರುವ ಒಂದು ಬಾಬತ್ತನ್ನು ಕುರಿತು ಈ ಸಂಚಿಕೆಯಲ್ಲಿ ಬರೆಯಬೇಕೆಂದಿದ್ದೇವೆ. ಅದೇ ಮನೆಯ ವಿಮೆ. ವಿಷಯ ಒಣ ವ್ಯವಹಾರದ್ದೆಂದು ಕೆಲವರು ಪುಟ ಮಗುಚಬಹುದು. ಹಾಗೆ ಮಾಡಬೇಡಿರೆಂದು ವಿನಂತಿ. ಈ ವಿಷಯದಲ್ಲಿ ನಾವು ಎಡವಿ ಬಿದ್ದು ಕಲಿತವರು. ಆ ಪೆಟ್ಟು ಇನ್ನೊಂದು ಕುಟುಂಬಕ್ಕೆ ಬೀಳದಿರಲಿ ಎಂಬುದಷ್ಟೇ ನಮ್ಮ ಉದ್ದೇಶ.

ನಮ್ಮ ಮನೆಯ ಕಥೆ

ನಾವು ಬೆಳಗಾವಿಯಲ್ಲಿ ಮನೆ ಕೊಂಡದ್ದು 2019ರ ಮೇ ತಿಂಗಳಲ್ಲಿ. ಹೊಸದೇನಲ್ಲ, ಹಿಂದಿನವರು ಇಪ್ಪತ್ತು ವರ್ಷ ಬಾಳಿದ ಮನೆ. ಜೂನ್ ತಿಂಗಳಲ್ಲಿ ಗೃಹಪ್ರವೇಶ ಮುಗಿಸಿ ಸಂಸಾರ ಸಾಗಿಸಿದೆವು. ಆಗಲೇ ಒಬ್ಬ ಸ್ನೇಹಿತರು, “ಮನೆಗೆ ವಿಮೆ ಮಾಡಿಸಿದ್ದೀರಾ?” ಎಂದು ಕೇಳಿದ್ದರು. ನಾವು ಧೈರ್ಯವಾಗಿ “ಬ್ಯಾಂಕಿನವರೇ ಮಾಡಿಸಿದ್ದಾರೆ” ಎಂದೆವು. ಸಾಲ ಮಂಜೂರಾದ ದಿನ ವಿಮೆಯ ಹೆಸರಿನಲ್ಲಿ ದೊಡ್ಡ ಮೊತ್ತವೊಂದನ್ನು ಸಾಲಕ್ಕೇ ಸೇರಿಸಿದ್ದು ನಮ್ಮ ನೆನಪಿನಲ್ಲಿತ್ತು. ಅಲ್ಲಿದ್ದ ನಮ್ಮ ತಾಯಿಯವರು ಆ ಮಾತಿಗೇ ಮುಖ ಗಂಟಿಕ್ಕಿದರು. “ಯಾಕಪ್ಪಾ, ಒಳ್ಳೇದು ಆಗೂ ಹೊತ್ತಿನಾಗ ಬೆಂಕಿ, ನೀರು ಅಂತ ಕೆಟ್ಟದ್ದು ನೆನಸ್ತೀರಿ?” ಎಂದರು. ಮಾತು ಅಲ್ಲಿಗೇ ನಿಂತಿತು.

ಅದೇ ವರ್ಷದ ಆಗಸ್ಟ್ ಮೊದಲ ವಾರವನ್ನು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಓದುಗರು ಮರೆತಿರಲಾರರು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಊರೂರುಗಳನ್ನೇ ಮುಳುಗಿಸಿದವು. ಅವರ ಸಂಕಟದ ಮುಂದೆ ನಮ್ಮದು ಹೇಳಿಕೊಳ್ಳುವಂಥದ್ದಲ್ಲ. ನಮ್ಮ ಬಡಾವಣೆಯಲ್ಲಿ ನಾಲೆಯ ನೀರು ಹಿಂದಕ್ಕೆ ಒತ್ತಿ, ರಾತ್ರಿ ಹೊತ್ತಿನಲ್ಲಿ ಮನೆಯೊಳಗೆ ಮೊಣಕಾಲಿನವರೆಗೆ ನಿಂತಿತು. ಎರಡು ದಿನ ಇಳಿಯಲಿಲ್ಲ. ಹಿತ್ತಿಲ ಗೋಡೆ ಬಿತ್ತು. ಫ್ರಿಜ್, ಮಂಚ, ಹಾಸಿಗೆ, ಮಕ್ಕಳ ಪುಸ್ತಕ, ವರ್ಷಕ್ಕೆಂದು ತಂದಿಟ್ಟ ಜೋಳ, ತಗ್ಗಿನಲ್ಲಿದ್ದ ವಿದ್ಯುತ್ ತಂತಿ ಎಲ್ಲವೂ ಹಾಳಾದವು. ಬೀಗರ ಮನೆಯಲ್ಲಿ ಮೂರು ವಾರ ಕಳೆದೆವು. ಲೆಕ್ಕ ಹಾಕಿದಾಗ ನಷ್ಟ ಮೂರು ಲಕ್ಷ ರೂಪಾಯಿಗಳ ಸಮೀಪ ಬಂತು.

ವಿಮೆ ಇದೆಯಲ್ಲ ಎಂಬ ನಂಬಿಕೆಯಿಂದ ಬ್ಯಾಂಕಿಗೆ ಹೋದೆವು. ಅಲ್ಲಿನ ಅಧಿಕಾರಿಗಳು ಕಡತ ತೆಗೆದು ನೋಡಿ, “ಸರ್, ಇದು ನಿಮ್ಮ ಜೀವದ ಮೇಲಿನ ವಿಮೆ. ನಿಮಗೇನಾದರೂ ಆದರೆ ಸಾಲ ತೀರುತ್ತದೆ. ಮನೆಗೆ ಸಂಬಂಧವಿಲ್ಲ” ಎಂದರು. ನಮ್ಮ ಸಹಿ ನಮ್ಮೆದುರಿಗೇ ಇತ್ತು. ಸಹಿ ಮಾಡುವಾಗ ಓದಿರಲಿಲ್ಲ. ಓದಿ ಹೇಳಿದವರೂ ಇರಲಿಲ್ಲ.

ಮೂರು ಬೇರೆ ಬೇರೆ ವಿಮೆಗಳು

ನಾವು ಮಾಡಿದ ತಪ್ಪನ್ನೇ ಅನೇಕ ಕುಟುಂಬಗಳು ಮಾಡುತ್ತಿರುವುದನ್ನು ಆನಂತರ ಕಂಡಿದ್ದೇವೆ. ಆದ್ದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ.

ಮೊದಲನೆಯದು ಸಾಲದ ರಕ್ಷಣೆಗೆಂದು ಮಾಡಿಸುವ ಜೀವವಿಮೆ. ಸಾಲಗಾರರು ತೀರಿಕೊಂಡರೆ ಉಳಿದ ಸಾಲವನ್ನು ವಿಮಾ ಕಂಪನಿ ತುಂಬುತ್ತದೆ. ಇದು ಕೆಟ್ಟದ್ದಲ್ಲ, ದುಡಿಯುವವರೊಬ್ಬರೇ ಇರುವ ಮನೆಗೆ ಬೇಕಾದದ್ದೇ. ಆದರೆ ಮನೆ ಸುಟ್ಟರೂ ಬಿದ್ದರೂ ಇದರಿಂದ ಒಂದು ಕಾಸೂ ಬಾರದು.

ಎರಡನೆಯದು ಬ್ಯಾಂಕಿನ ಮೂಲಕ ಕಟ್ಟಡಕ್ಕಷ್ಟೇ ಮಾಡಿಸುವ ವಿಮೆ. ಹಲವೊಮ್ಮೆ ಇದರ ಮೊತ್ತವನ್ನು ಸಾಲದ ಮೊತ್ತಕ್ಕೆ ಸರಿಯಾಗಿ ಬರೆದಿರುತ್ತಾರೆಯೇ ಹೊರತು ಕಟ್ಟಡದ ಬೆಲೆಗಲ್ಲ. ಒಳಗಿನ ಸಾಮಾನುಗಳ ಮಾತೇ ಅದರಲ್ಲಿರುವುದಿಲ್ಲ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುವುದರಿಂದ ಪರಿಹಾರದ ಹಣದ ಮೇಲೆ ಮೊದಲ ಹಕ್ಕು ಬ್ಯಾಂಕಿನದು. ಸಾಲ ತೀರಿದ ಮೇಲೆ ಅದನ್ನು ನವೀಕರಿಸುವವರು ಯಾರೆಂಬುದನ್ನು ಯಾರೂ ನೆನಪಿಟ್ಟಿರುವುದಿಲ್ಲ.

ಮೂರನೆಯದು ಕಟ್ಟಡ, ಸಾಮಾನು ಎರಡನ್ನೂ ಒಳಗೊಂಡು ಮನೆಯ ಒಡೆಯರು ತಾವೇ ಮಾಡಿಸಿಕೊಳ್ಳುವ ಗೃಹವಿಮೆ. ನಾವು ಹೇಳಹೊರಟಿರುವುದು ಇದನ್ನೇ.

ಸಾಲ ಪಡೆಯುವಾಗ ಒಂದೇ ಒಂದು ಪ್ರಶ್ನೆ ಕೇಳಿರಿ: “ಈ ವಿಮೆ ನನ್ನ ಜೀವಕ್ಕೋ, ಮನೆಯ ಗೋಡೆಗೋ, ಒಳಗಿನ ಸಾಮಾನಿಗೋ?” ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ ಪಾಲಿಸಿಯ ಪ್ರತಿಯಲ್ಲಿ ಬೆರಳಿಟ್ಟು ತೋರಿಸಿಕೊಳ್ಳಿರಿ. ಮನೆಗೆ ವಿಮೆ ಇರಲೇಬೇಕೆಂದು ಬ್ಯಾಂಕು ಸಾಲದ ಕರಾರಿನಲ್ಲಿ ಬರೆಯಬಹುದು. ಆದರೆ ತಾನು ಹೇಳಿದ ಕಂಪನಿಯಲ್ಲಿಯೇ ಕೊಳ್ಳಬೇಕೆಂದು ಒತ್ತಾಯಿಸುವುದು ಸಲ್ಲದು. ಬೇರೆ ಕಂಪನಿಯ ಪಾಲಿಸಿ ತಂದು ಕೊಡುವ ಸ್ವಾತಂತ್ರ್ಯ ನಿಮಗುಂಟು.

ಯಾವ ದಿನದಿಂದ?

ಮನೆ ಎಂದಿನಿಂದ ನಮ್ಮದಾಯಿತು? ನಮ್ಮ ಮನೆಗಳಲ್ಲಿ ಹಿರಿಯರು ಗೃಹಪ್ರವೇಶದ ದಿನದಿಂದ ಎನ್ನುತ್ತಾರೆ. ಕಾನೂನು ಹಾಗೆನ್ನುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಕರಾರು ಆದಂದಿನಿಂದ ಸ್ವತ್ತನ್ನು ಒಪ್ಪಿಸುವವರೆಗೆ ಅದನ್ನು ಜೋಪಾನವಾಗಿ ನೋಡಿಕೊಳ್ಳಬೇಕಾದವರು ಮಾರುವವರು. ಒಡೆತನ ಕೊಳ್ಳುವವರಿಗೆ ಬಂದ ಮೇಲೆ, ಮಾರಿದವರ ತಪ್ಪಿನಿಂದಲ್ಲದೆ ಮನೆಗೆ ಆಗುವ ನಷ್ಟವೆಲ್ಲ ಕೊಂಡವರದೇ. ಒಡೆತನ ಬರುವುದು ಕ್ರಯಪತ್ರ ನೋಂದಣಿಯಾದಾಗ.

ಹೀಗಿರುವಾಗ ನೋಂದಣಿಗೂ ಗೃಹಪ್ರವೇಶಕ್ಕೂ ನಡುವೆ ಇರುವ ದಿನಗಳನ್ನು ಸ್ವಲ್ಪ ಯೋಚಿಸಿರಿ. ಶರಣರು ಮುಹೂರ್ತಗಳನ್ನು ಮನ್ನಿಸಲಿಲ್ಲವಾದರೂ ನಮ್ಮ ಎಷ್ಟೋ ಮನೆಗಳಲ್ಲಿ ಆಷಾಢದಲ್ಲಿ ಹೊಸ ಮನೆ ಹೊಗದ ರೂಢಿ ಉಳಿದು ಬಂದಿದೆ. ಜ್ಯೇಷ್ಠದಲ್ಲಿ ನೋಂದಣಿ ಮಾಡಿಸಿದವರು ಶ್ರಾವಣದವರೆಗೆ ಕಾಯುತ್ತಾರೆ. ಮಳೆಯ ಭರವೆಲ್ಲ ಈ ನಡುವಿನದೇ. ಮನೆಯಲ್ಲಿ ಜನರಿರುವುದಿಲ್ಲ, ಸುಣ್ಣಬಣ್ಣದವರು, ಬಡಗಿಗಳು, ವಿದ್ಯುತ್ ಕೆಲಸದವರು ಬಂದು ಹೋಗುತ್ತಿರುತ್ತಾರೆ, ಬಣ್ಣದ ಡಬ್ಬಿ, ಥಿನ್ನರು, ಕಟ್ಟಿಗೆಯ ಹೊಟ್ಟು ಮೂಲೆಯಲ್ಲಿ ಬಿದ್ದಿರುತ್ತವೆ. ಮನೆಯೊಂದರ ಬಾಳಿನಲ್ಲಿ ಅಪಾಯಕ್ಕೆ ಬಾಗಿಲು ತೆರೆದಿರುವ ದಿನಗಳು ಇವೇ. ಆದ್ದರಿಂದ ವಿಮೆ ಆರಂಭವಾಗಬೇಕಾದದ್ದು ನೋಂದಣಿಯ ದಿನದಿಂದ, ಗೃಹಪ್ರವೇಶದಿಂದಲ್ಲ. ಮನೆ ಖಾಲಿಯಿರುವ ಸಂಗತಿಯನ್ನೂ ದುರಸ್ತಿ ನಡೆದಿರುವ ಸಂಗತಿಯನ್ನೂ ಕಂಪನಿಗೆ ಬರೆದು ತಿಳಿಸಬೇಕು.

ಅರ್ಜಿ ಕೊಟ್ಟ ಮಾತ್ರಕ್ಕೆ ವಿಮೆ ಆಯಿತೆಂದು ತಿಳಿಯಬಾರದು. 1938ರ ವಿಮಾ ಕಾಯ್ದೆಯ 64 ವಿಬಿ ಕಲಮಿನಂತೆ, ಪ್ರೀಮಿಯಂ ಹಣ ಮುಂಗಡವಾಗಿ ಸಂದ ಹೊರತು ಕಂಪನಿಯ ಹೊಣೆ ಆರಂಭವಾಗುವುದಿಲ್ಲ. “ನಾಳೆ ಕೊಟ್ಟರಾಯಿತು” ಎಂಬ ಮಾತು ಕಿರಾಣಿ ಅಂಗಡಿಯಲ್ಲಿ ನಡೆದೀತು, ಇಲ್ಲಿ ನಡೆಯದು.

ಹಳೆಯ ಮನೆ ಕೊಳ್ಳುವವರು, “ಮಾರಿದವರ ವಿಮೆ ಇನ್ನೂ ಆರು ತಿಂಗಳು ಇದೆಯಲ್ಲ” ಎಂದು ಸಮಾಧಾನ ಪಡುವುದುಂಟು. ಮನೆಯೊಡನೆ ಪಾಲಿಸಿ ತಾನಾಗಿ ಕೊಂಡವರ ಪಾಲಿಗೆ ಬರುವುದಿಲ್ಲ. ಮನೆ ಮಾರಿದ ಮೇಲೆ ಅದರಲ್ಲಿ ಮಾರಿದವರಿಗೆ ಹಿತವಿಲ್ಲ; ಹಿತವಿಲ್ಲದವರಿಗೆ ವಿಮೆಯೂ ಇಲ್ಲ. ನಿಮ್ಮ ಹೆಸರಿನಲ್ಲಿ ಹೊಸದನ್ನು ಮಾಡಿಸುವುದೇ ಸರಿಯಾದ ದಾರಿ.

ಸಾಮಾನು ಸಾಗಿಸುವ ದಿನವೂ ಒಂದು ಎಚ್ಚರ ಬೇಕು. ಗೃಹವಿಮೆ ಮನೆಯೊಳಗಿನ ಸಾಮಾನುಗಳಿಗೆ. ಲಾರಿಯ ಮೇಲಿರುವ ಸಾಮಾನುಗಳಿಗಲ್ಲ. ದೂರದ ಊರಿನಿಂದ ಸಂಸಾರ ಸಾಗಿಸುವವರು ಸಾಗಾಟದ ವಿಮೆ ಬೇರೆ ಇದೆಯೇ ಎಂದು ಸಾಗಿಸುವವರನ್ನು ಕೇಳಿ, ಇದ್ದರೆ ಅದರ ಕಾಗದ ಪಡೆಯಬೇಕು.

ಈಗಿರುವ ವ್ಯವಸ್ಥೆ

ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಹೆಸರಿನ, ಎಲ್ಲ ಕಂಪನಿಗಳಲ್ಲಿಯೂ ಒಂದೇ ಬಗೆಯ ನಿಬಂಧನೆಗಳಿರುವ ಪಾಲಿಸಿಯನ್ನು ಜಾರಿಗೆ ತಂದಿತು. ಪ್ರೀಮಿಯಂ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಆದಕಾರಣ ಎರಡು ಮೂರು ಕಡೆ ವಿಚಾರಿಸಬೇಕು.

ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗುಡ್ಡದ ಬಂಡೆ ಉರುಳುವಿಕೆ, ವಾಹನ ಅಥವಾ ಮರ ಬಂದು ಬಡಿಯುವುದು, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕು ಅಥವಾ ಕೊಳವೆ ಒಡೆದು ಹರಿಯುವುದು, ಇವುಗಳಿಂದಾಗುವ ಹಾನಿ ಈ ಪಾಲಿಸಿಯಲ್ಲಿ ಬರುತ್ತದೆ. ಕಟ್ಟಡವೆಂದರೆ ಬರಿಯ ಕೋಣೆಗಳಲ್ಲ. ಕಾಂಪೌಂಡು ಗೋಡೆ, ಗೇಟು, ವಾಹನದ ಕೊಟ್ಟಿಗೆ, ನೀರಿನ ಟ್ಯಾಂಕು, ಸೌರಫಲಕಗಳೂ ಸೇರುತ್ತವೆ. ಮನೆ ವಾಸಯೋಗ್ಯವಲ್ಲದಂತಾದರೆ ದುರಸ್ತಿಯ ಅವಧಿಗೆ ಬೇರೆ ಮನೆಯ ಬಾಡಿಗೆಯನ್ನೂ ಕೊಡುತ್ತಾರೆ.

ಭೂಕಂಪವೆಂದರೆ ನಮ್ಮ ನಾಡಿಗೆ ದೂರದ ಮಾತೆಂದು ಕೆಲವರು ನಗಬಹುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಮಣ್ಣು-ಕಲ್ಲಿನ ಮನೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನರು ಮಡಿದುದನ್ನು ಬೀದರ, ಕಲಬುರಗಿಗಳ ಹಿರಿಯರು ಇಂದಿಗೂ ನೆನೆಯುತ್ತಾರೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ಅದುರಿ ಜನರು ಮನೆ ಬಿಟ್ಟು ಹೊರಗೆ ಮಲಗಿದ್ದರು. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿರಿವಂತ ಬಡಾವಣೆಗಳಲ್ಲಿಯೂ ದೋಣಿ ಓಡಾಡಿದವು. ನಮಗೆ ಬಾರದು ಎನ್ನಬಹುದಾದ ಊರು ಯಾವುದೂ ಇಲ್ಲ.

ಎಷ್ಟು ಮೊತ್ತಕ್ಕೆ?

ಇಲ್ಲಿಯೇ ಎರಡು ಬಗೆಯ ತಪ್ಪುಗಳಾಗುತ್ತವೆ. ಕೆಲವರು ಮನೆ ಕೊಂಡ ಪೂರ್ತಿ ಬೆಲೆಗೆ ವಿಮೆ ಮಾಡಿಸಲು ಹೊರಡುತ್ತಾರೆ. ಆ ಬೆಲೆಯಲ್ಲಿ ಬಹುಭಾಗ ನಿವೇಶನದ್ದು. ನೆಲ ಸುಡುವುದಿಲ್ಲ, ಬೀಳುವುದಿಲ್ಲ. ವಿಮೆ ಬೇಕಾದದ್ದು ಕಟ್ಟಡವನ್ನು ಇಂದಿನ ದರದಲ್ಲಿ ಮತ್ತೆ ಕಟ್ಟಲು ತಗಲುವ ಖರ್ಚಿಗೆ. ಲೆಕ್ಕ ಸುಲಭ: ಗೋಡೆಗಳ ಒಳಗಿನ ಬಳಕೆಯ ವಿಸ್ತೀರ್ಣವನ್ನು ಇಂದಿನ ನಿರ್ಮಾಣ ದರದಿಂದ ಗುಣಿಸಬೇಕು. ಉದಾಹರಣೆಗೆ, 80 ಲಕ್ಷ ರೂಪಾಯಿಗೆ ಕೊಂಡ ಮನೆಯ ವಿಸ್ತೀರ್ಣ 1,200 ಚದರ ಅಡಿ, ನಿರ್ಮಾಣದ ದರ ಚದರ ಅಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ ವಿಮೆಯ ಮೊತ್ತ 24 ಲಕ್ಷ. ನಿಮ್ಮ ಊರಿನ ದರವನ್ನು ಪರಿಚಿತ ಇಂಜಿನಿಯರರಿಂದಾಗಲಿ ಮೇಸ್ತ್ರಿಗಳಿಂದಾಗಲಿ ಕೇಳಿ ತಿಳಿಯಬೇಕು.

ಇನ್ನು ಕೆಲವರು ಪ್ರೀಮಿಯಂ ಉಳಿಸಲೆಂದು ಕಡಿಮೆ ಬರೆಸುತ್ತಾರೆ. ನಮ್ಮ ಓಣಿಯ ನಿವೃತ್ತ ಶಿಕ್ಷಕರೊಬ್ಬರು 2019ರಲ್ಲಿ ವಿಮೆ ಮಾಡಿಸಿದ್ದರು. ಅವರ ಜಾಣತನವನ್ನು ನಾವೆಲ್ಲ ಮೆಚ್ಚಿದ್ದೆವು. ಆದರೆ 20 ಲಕ್ಷ ಬಾಳುವ ಕಟ್ಟಡಕ್ಕೆ 10 ಲಕ್ಷಕ್ಕಷ್ಟೇ ಬರೆಸಿದ್ದರು. ಹಾನಿ ಆದದ್ದು 2 ಲಕ್ಷದಷ್ಟು. ಅರ್ಧಕ್ಕೆ ವಿಮೆ ಮಾಡಿಸಿದವರಿಗೆ ಹಾನಿಯಲ್ಲಿಯೂ ಅರ್ಧ ಎಂಬ ಅಂದಿನ ನಿಯಮದಂತೆ ಅವರ ಕೈಗೆ ಬಂದದ್ದು ಹೆಚ್ಚುಕಡಿಮೆ 1 ಲಕ್ಷ. ಈಗಿನ ಪಾಲಿಸಿಯಲ್ಲಿ ಹಾಗೆ ಕತ್ತರಿಸುವ ನಿಯಮವನ್ನು ಕೈಬಿಟ್ಟಿದ್ದಾರೆ. ಹಾಗೆಂದು ಬೇಕೆಂದೇ ಕಡಿಮೆ ಬರೆಸುವುದು ಲೇಸಲ್ಲ. ಪೂರ್ತಿ ಮನೆಯೇ ಬಿದ್ದರೆ ಬರೆಸಿದ ಮೊತ್ತಕ್ಕಿಂತ ಹೆಚ್ಚಿಗೆ ಬರಲಾರದು.

ಕಟ್ಟಡದ ಜೊತೆ ಸಾಮಾನುಗಳನ್ನೂ ಸೇರಿಸಿಕೊಂಡರೆ, ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಆದರೆ 10 ಲಕ್ಷ ಮೀರದಂತೆ, ಸಾಮಾನುಗಳಿಗೆ ರಕ್ಷಣೆ ತಾನಾಗಿ ಸಿಗುತ್ತದೆ, ಪಟ್ಟಿ ಕೊಡಬೇಕಾಗಿಲ್ಲ. ಮೇಲಿನ ಉದಾಹರಣೆಯಲ್ಲಿ ಅದು 4 ಲಕ್ಷದ 80 ಸಾವಿರ ರೂಪಾಯಿ. ಇದಕ್ಕಿಂತ ಹೆಚ್ಚು ಬೆಲೆಯ ಸಾಮಾನು ಇರುವವರು ವಿವರ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಒಡವೆ, ಬೆಳ್ಳಿ, ಕಲಾವಸ್ತುಗಳಿಗೆ ಬೇರೆಯಾಗಿ ಕೇಳಿ ಸೇರಿಸಬೇಕು. ಇಂಥ ವಸ್ತುಗಳ ಒಟ್ಟು ಮೊತ್ತ 5 ಲಕ್ಷದೊಳಗೆ, ಬಿಡಿ ವಸ್ತು 1 ಲಕ್ಷದೊಳಗೆ ಇದ್ದರೆ ಬೆಲೆಕಟ್ಟಿದ ಪ್ರಮಾಣಪತ್ರವನ್ನು ಕೇಳುವುದಿಲ್ಲ. ಪಾಲಿಸಿಯನ್ನು 10 ವರ್ಷಗಳವರೆಗೆ ಒಮ್ಮೆಲೇ ಪಡೆಯಬಹುದು. ಹಲವು ವರ್ಷಗಳ ಪಾಲಿಸಿಯಲ್ಲಿ ಕಟ್ಟಡದ ಮೊತ್ತ ವರ್ಷಕ್ಕೆ ಶೇಕಡಾ 10ರಂತೆ ಏರುತ್ತ ಹೋಗುವ ಅನುಕೂಲವೂ ಇದೆ. ನವೀಕರಣ ಮರೆಯುವ ನಮ್ಮಂಥವರಿಗೆ ಇದು ಒಳ್ಳೆಯದು.

ಯಾವುದು ಸೇರುವುದಿಲ್ಲ?

ಒಳ್ಳೆಯದನ್ನಷ್ಟೇ ಹೇಳಿ ಕೆಟ್ಟದ್ದನ್ನು ಬಿಟ್ಟರೆ ನಾವೂ ವಿಮೆಯ ಏಜೆಂಟರಂತಾಗುತ್ತೇವೆ. ಸೇರದ ಸಂಗತಿಗಳನ್ನು ಗಮನವಿಟ್ಟು ಓದಬೇಕು.

ಎಲ್ಲಕ್ಕಿಂತ ಹೆಚ್ಚಿನ ಜನ ತಪ್ಪು ತಿಳಿಯುವುದು ಕಳ್ಳತನದ ವಿಷಯದಲ್ಲಿ. ಮೂಲ ಪಾಲಿಸಿಯಲ್ಲಿ ಬರುವುದು ಬೆಂಕಿ, ನೆರೆಯಂಥ ಅನಾಹುತವಾದ ಏಳು ದಿನಗಳೊಳಗೆ ಅದರ ಬೆನ್ನಿಗೇ ನಡೆದ ಕಳವು ಮಾತ್ರ. ಬೇಸಿಗೆ ರಜೆಗೆ ಊರಿಗೆ ಹೋದಾಗ ಬೀಗ ಮುರಿದು ಒಯ್ದದ್ದು ಇದರಲ್ಲಿ ಬರುವುದಿಲ್ಲ. ಅದಕ್ಕೆ ಕನ್ನಗಳವಿನ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.

ವಿದ್ಯುತ್ತಿನ ಏರಿಳಿತದಿಂದ ಟಿ.ವಿ. ಅಥವಾ ಫ್ರಿಜ್ ತಾನೇ ಸುಟ್ಟುಹೋದರೆ ಆ ಯಂತ್ರಕ್ಕೆ ಪರಿಹಾರವಿಲ್ಲ. ಅದರಿಂದ ಹೊತ್ತಿದ ಬೆಂಕಿ ಹರಡಿ ಸುಟ್ಟ ಉಳಿದ ವಸ್ತುಗಳಿಗೆ ಉಂಟು. ಹೊಸ ಕಟ್ಟಡ ನೆಲೆಗೊಳ್ಳುವಾಗ ಬರುವ ಬಿರುಕು, ತುಂಬಿದ ಮಣ್ಣು ಕುಗ್ಗಿದ್ದರಿಂದ ಜಗ್ಗಿದ ಗೋಡೆ, ಕಳಪೆ ಕೆಲಸ, ಕಳಪೆ ಸಾಮಗ್ರಿ, ಇವುಗಳಿಗೆ ವಿಮೆ ಹೊಣೆಯಲ್ಲ. ಅವನ್ನು ಕಟ್ಟಿದವರಲ್ಲಿಯೇ ಕೇಳಬೇಕು. ನಗದು ಹಣ, ಚೆಕ್ಕು, ದಾಖಲೆಪತ್ರ, ವಾಹನ ಸೇರುವುದಿಲ್ಲ. ಬೇಕೆಂದು ಮಾಡಿದ ಹಾನಿಯಂತೂ ಸರಿಯೇ ಸರಿ.

ಅರ್ಜಿಯಲ್ಲಿ ಸತ್ಯವನ್ನೇ ಬರೆಯಬೇಕು. ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ ಇದ್ದರೆ, ಮಾಳಿಗೆಯಲ್ಲಿ ಹೊಲಿಗೆ ಯಂತ್ರಗಳನ್ನು ಹಾಕಿ ಉದ್ಯೋಗ ನಡೆಸಿದ್ದರೆ, ಗೋಡೆ ಮಣ್ಣಿನದಾಗಿದ್ದರೆ, ಛಾವಣಿ ತಗಡಿನದಾಗಿದ್ದರೆ ಹಾಗೆಂದೇ ತಿಳಿಸಿರಿ. ಮುಚ್ಚಿಟ್ಟು ಉಳಿಸಿದ ನೂರು ರೂಪಾಯಿ, ಪರಿಹಾರ ಕೇಳುವ ದಿನ ಲಕ್ಷವನ್ನು ಕಳೆಯುತ್ತದೆ.

ಅವಿಭಕ್ತ ಕುಟುಂಬಗಳಿಗೆ ಇನ್ನೊಂದು ಮಾತು. ಪಾಲಿಸಿ ಇರಬೇಕಾದದ್ದು ಒಡೆತನವಿರುವವರ ಹೆಸರಿನಲ್ಲಿ. ತಂದೆಯವರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾದರೂ ಖಾತೆ ಅವರ ಹೆಸರಿನಲ್ಲಿಯೇ ಇರುವ ಮನೆಗಳು ನಮ್ಮಲ್ಲಿ ಬಹಳ. ಅಂಥಲ್ಲಿ ಮೊದಲು ವಾರಸಾ ಖಾತೆ ಸರಿಪಡಿಸಿಕೊಳ್ಳಿರಿ. ಗಂಡಹೆಂಡಿರು ಕೂಡಿ ಕೊಂಡ ಮನೆಯಾದರೆ ಇಬ್ಬರ ಹೆಸರೂ ಪಾಲಿಸಿಯಲ್ಲಿರಲಿ. ಅಪಾರ್ಟ್‌ಮೆಂಟಿನಲ್ಲಿರುವವರು ಇಡೀ ಕಟ್ಟಡಕ್ಕೆ ಸಂಘದವರು ವಿಮೆ ಮಾಡಿಸಿದ್ದಾರೆಯೇ ಎಂದು ಕೇಳಬೇಕು. ಮಾಡಿಸಿದ್ದರೂ ಒಳಗಿನ ಸಾಮಾನು ನಿಮ್ಮ ಹೊಣೆಯೇ. ಬಾಡಿಗೆ ಮನೆಯವರೂ ತಮ್ಮ ಸಾಮಾನುಗಳಿಗಷ್ಟೇ ವಿಮೆ ಪಡೆಯಬಹುದು.

ಒಂದು ಭಾನುವಾರದ ಕೆಲಸ

ತಾಯಂದಿರಲ್ಲಿ ನಮ್ಮದೊಂದು ಕೋರಿಕೆ. ಹೊಸ ಮನೆಗೆ ಬಂದ ಮೇಲೆ ಒಂದು ಭಾನುವಾರ ಮಕ್ಕಳನ್ನು ಕೂಡಿಸಿಕೊಂಡು ಕೋಣೆ ಕೋಣೆಯ ಸಾಮಾನುಗಳ ಪಟ್ಟಿ ಮಾಡಿರಿ. ಏನು, ಯಾವಾಗ ಕೊಂಡದ್ದು, ಎಷ್ಟಕ್ಕೆ. ಮೊಬೈಲಿನಲ್ಲಿ ಪ್ರತಿ ಕೋಣೆಯ ನಾಲ್ಕು ಗೋಡೆಗಳ ಚಿತ್ರ ತೆಗೆಯಿರಿ. ಬಿಲ್ಲುಗಳ, ಕ್ರಯಪತ್ರದ, ಪಾಲಿಸಿಯ ಚಿತ್ರಗಳನ್ನೂ ತೆಗೆದು ಬೇರೆ ಊರಿನಲ್ಲಿರುವ ಮಗಳಿಗೋ ತಮ್ಮನಿಗೋ ಕಳಿಸಿಡಿರಿ. ನಮ್ಮ ಬಿಲ್ಲುಗಳೆಲ್ಲ ಅಲ್ಮೇರಾದ ತಳಖಾನೆಯಲ್ಲಿದ್ದವು. ಆ ರಾತ್ರಿ ಮೊದಲು ತೊಯ್ದದ್ದು ಆ ಖಾನೆಯೇ.

ಅನಾಹುತವಾದರೆ ಜೀವ ಮೊದಲು, ಸಾಮಾನು ಆಮೇಲೆ. ಜನರು ಸುರಕ್ಷಿತರಾದ ಕೂಡಲೇ ಕಂಪನಿಗೆ ತಿಳಿಸಬೇಕು. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳವಾದರೆ ಪೊಲೀಸ್ ದೂರಿನ ಪ್ರತಿ ಬೇಕಾಗುತ್ತದೆ. ಹಾನಿ ಹೆಚ್ಚದಂತೆ ನೋಡಿಕೊಳ್ಳಬೇಕು. ಆದರೆ ಸರ್ವೇಯರರು ಬಂದು ನೋಡುವ ಮೊದಲು ಕೆಟ್ಟ ಸಾಮಾನುಗಳನ್ನು ಎಸೆಯಬಾರದು. ವಾಸನೆ ತಡೆಯದೆ ಎಸೆಯಲೇಬೇಕಾದರೆ ಚಿತ್ರ ತೆಗೆದು ಎಸೆಯಿರಿ.

ಕಂಪನಿಯವರು ನ್ಯಾಯವಾಗಿ ನಡೆಯಲಿಲ್ಲವೆನಿಸಿದರೆ ಸುಮ್ಮನೆ ಕೂರಬೇಕಾಗಿಲ್ಲ. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷ ರೂಪಾಯಿಗಳವರೆಗಿನ ವ್ಯಾಜ್ಯಗಳನ್ನು ಅಲ್ಲಿ ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

ಸರ್ಕಾರ ಕೊಡುವುದಿಲ್ಲವೇ ಎಂದು ಕೇಳುವವರುಂಟು. 2019ರಲ್ಲಿ ನೀರು ನುಗ್ಗಿದ ಕುಟುಂಬಗಳಿಗೆ ರಾಜ್ಯ ಸರ್ಕಾರ 10,000 ರೂಪಾಯಿ ತುರ್ತು ಪರಿಹಾರವನ್ನೂ ಪೂರ್ತಿ ಬಿದ್ದ ಮನೆಗಳಿಗೆ 5 ಲಕ್ಷ ರೂಪಾಯಿಗಳನ್ನೂ ಘೋಷಿಸಿತ್ತು. ಉಣ್ಣಲಿಕ್ಕಿಲ್ಲದವರಿಗೆ ಅದು ಆಸರೆಯಾಯಿತು. ಆದರೆ ಅದು ನೆರವು. ಹಾನಿಯನ್ನು ತುಂಬಿಕೊಡುವ ಲೆಕ್ಕವಲ್ಲ. ಕೊಳ್ಳುವ ಶಕ್ತಿಯುಳ್ಳವರು ತಮ್ಮ ಭಾರವನ್ನು ತಾವೇ ಹೊರುವ ಏರ್ಪಾಡು ಮಾಡಿಕೊಂಡರೆ ಆ ನೆರವು ಬೇಕಾದವರಿಗೆ ಉಳಿಯುತ್ತದೆ.

ಕಡೆಯ ಮಾತು

ನೀರು ಇಳಿದು ಮನೆಗೆ ಮರಳಿದ ದಿನ ನಮ್ಮ ತಾಯಿಯವರು ಕೆಸರು ಮೆತ್ತಿದ ಪಡಸಾಲೆಯಲ್ಲಿ ಕೂತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಹೇಳಿದರು: “ನಮ್ಮಪ್ಪ ಸುಗ್ಗಿ ಆದ ಕೂಡಲೇ ಹಗೇವಿನಾಗ ಜ್ವಾಳ ತುಂಬಸ್ತಿದ್ದ. ರಾಶಿ ಮಾಡೂ ದಿನಾನ ಬರಗಾಲದ ಮಾತು ಆಡ್ತಿದ್ದ. ಅದನ್ನ ಯಾರೂ ಅಪಶಕುನ ಅನ್ನಲಿಲ್ಲ. ನಾನ ಆ ದಿನ ಹಂಗ ಅನಬಾರದಿತ್ತು.” ನಾವು, “ಅವ್ವಾ, ತಪ್ಪು ನಿನ್ನದಲ್ಲ, ಓದದೆ ಸಹಿ ಮಾಡಿದ ನಮ್ಮದು” ಎಂದೆವು.

ಮುಂದಿನ ತಿಂಗಳೇ ಮನೆಗೆ ವಿಮೆ ಮಾಡಿಸಿದೆವು. ಈಗ ವರ್ಷಕ್ಕೆ ನಾವು ತೆರುವ ಹಣ, ಅಂದು ಗೃಹಪ್ರವೇಶದ ಶಾಮಿಯಾನಕ್ಕೆ ತೆತ್ತ ಬಾಡಿಗೆಗಿಂತ ಕಡಿಮೆ. ಅಷ್ಟು ಸಣ್ಣ ಮೊತ್ತಕ್ಕಾಗಿ ಅಷ್ಟು ದೊಡ್ಡ ಕಷ್ಟ ಪಟ್ಟೆವಲ್ಲ ಎಂದು ಇಂದಿಗೂ ಅನಿಸುತ್ತದೆ.

ವಿಮೆ ಎಲ್ಲವನ್ನೂ ಮರಳಿ ಕೊಡುತ್ತದೆಂದು ನಾವು ಹೇಳಲಾರೆವು. ಆ ನೀರಿನಲ್ಲಿ ನಮ್ಮ ಅಜ್ಜಿಯವರು ಹಳೆಯ ಸೀರೆಗಳನ್ನು ಕೂಡಿಸಿ ಕೈಯಾರೆ ಹೊಲಿದಿದ್ದ ಕೌದಿಯೂ ಇತ್ತು. ಒಗೆದು ಒಣಗಿಸಿದರೂ ಅದರ ನೂಲು ಬಿಟ್ಟಿತು. ಅದಕ್ಕೆ ಯಾವ ಸರ್ವೇಯರರೂ ಬೆಲೆ ಕಟ್ಟಲಾರರು. ಆದರೆ ಗೋಡೆ, ತಂತಿ, ಮಂಚ, ಕಾಳುಕಡಿಗಳ ಚಿಂತೆಯನ್ನು ಬೇರೆಯವರು ಹೊತ್ತಿದ್ದರೆ, ಆ ಕೌದಿಯ ಮುಂದೆ ಕೂತು ಕಣ್ಣೀರಿಡಲು ನಮ್ಮ ತಾಯಿಯವರಿಗೆ ಒಂದಿಷ್ಟು ಬಿಡುವಾದರೂ ಸಿಗುತ್ತಿತ್ತು. ಆ ದಿನಗಳಲ್ಲಿ ಅದಕ್ಕೂ ಬಿಡುವಿರಲಿಲ್ಲ. ನಾವೆಲ್ಲ ಸಾಲ ಕೇಳಲು ಓಡಾಡುತ್ತಿದ್ದೆವು.

ಆದ್ದರಿಂದ ಮುಂದಿನ ಬಾರಿ ಹೊಸ ಮನೆಯ ಚೀಟಿ ಬರೆಯುವಾಗ ತೋರಣಕ್ಕಿಂತ ಮೇಲೆ ಒಂದು ಸಾಲು ಬರೆಯಿರಿ: ನೋಂದಣಿಯ ದಿನವೇ ಮನೆಗೂ ಸಾಮಾನಿಗೂ ವಿಮೆ. ಆಮೇಲೆ ನಿಶ್ಚಿಂತೆಯಿಂದ ಹಾಲುಕ್ಕಿಸಿರಿ, ನಾಲ್ಕು ಜನರಿಗೆ ಉಣಬಡಿಸಿರಿ. ಕರೆಯೋಲೆ ಕಳಿಸಿದರೆ ನಾವೂ ಬರುತ್ತೇವೆ. ನಿಮ್ಮ ಮನೆಗಳು ತಣ್ಣಗಿರಲಿ.